ಶಾಲಿಗಿಂತ ಮೊದಲು ತಕ್ಕಡಿ

ಸೆಪ್ಟೆಂಬರ್ ಬಂತೆಂದರೆ ಕರ್ನಾಟಕದ ಹಳ್ಳಿಗಳಲ್ಲಿ ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಗಳ ಕಾಲ. ಶಾಮಿಯಾನ, ಮೈಕು, ವರದಿ ವಾಚನ, ಲೆಕ್ಕಪತ್ರಗಳ ಮಂಜೂರಾತಿ, ಕೊನೆಗೆ ಸನ್ಮಾನ. ಅತಿ ಹೆಚ್ಚು ಹಾಲು ಹಾಕಿದವರಿಗೆ ಸ್ಟೀಲ್ ಪಾತ್ರೆ; ನಿವೃತ್ತರಾಗುವ ಗುಮಾಸ್ತರಿಗೆ ಶಾಲು, ಹಾರ, ಫಲತಾಂಬೂಲ.

ನೋಡುವವರಿಗೆ ಇದು ಊರಿನ ಇನ್ನೊಂದು ಸಮಾರಂಭ. ಆದರೆ ಖಾಸಗಿ ಅಂಗಡಿಯಲ್ಲಿ ಮಾಲೀಕ ಕೊಡುವ ಉಡುಗೊರೆಗೂ ಇದಕ್ಕೂ ಮೂಲಭೂತ ವ್ಯತ್ಯಾಸವಿದೆ. ಸಂಘದಲ್ಲಿ ಸರಕು ಒದಗಿಸುವ ರೈತನೇ ಮಾಲೀಕ. ಹಾಗಾದರೆ ಇಲ್ಲಿ ಯಾರು, ಯಾರನ್ನು, ಯಾತಕ್ಕಾಗಿ ಗೌರವಿಸಬೇಕು?

ಈ ಪ್ರಶ್ನೆಗೆ ಹಳೆಯ ಉತ್ತರವೊಂದು ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿದೆ. 1844ರ ಡಿಸೆಂಬರ್‌ನಲ್ಲಿ ಅಲ್ಲಿನ ನೇಕಾರರು ಮತ್ತಿತರ ಕಸುಬಿನವರು ಸೇರಿ ಸಣ್ಣದೊಂದು ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದಬತ್ತಿ ಅವರ ಸರಕು. ಕಲಬೆರಕೆಯಿಲ್ಲದ ಪದಾರ್ಥ, ಸರಿಯಾದ ತೂಕ, ಒಬ್ಬರಿಗೆ ಒಂದೇ ಮತ ಎಂಬವು ಅವರ ನಿಯಮಗಳು. ಉಳಿದ ಲಾಭವನ್ನು ಸದಸ್ಯರು ಮಾಡಿದ ವ್ಯಾಪಾರಕ್ಕೆ ಅನುಗುಣವಾಗಿ ಹಂಚಿದರು. ಸಂಘಕ್ಕೆ ನಿಷ್ಠರಾದವರನ್ನು ಗೌರವಿಸುವ ಕೆಲಸವನ್ನು ಹೀಗೆ ಲೆಕ್ಕದ ಪುಸ್ತಕವೇ ಮಾಡಿತು.

ಭಾರತದಲ್ಲಿ 1904ರ ಕಾನೂನು ಸಹಕಾರಿ ಸಾಲ ಸಂಘಗಳಿಗೆ ದಾರಿ ಮಾಡಿತು. ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ಸಂಘವೊಂದು ಹುಟ್ಟಿತು. 1912ರ ಕಾನೂನು ಖರೀದಿ, ಮಾರಾಟದ ಸಂಘಗಳಿಗೂ ಅವಕಾಶ ಕೊಟ್ಟಿತು. 1923ರಲ್ಲಿ ಶಿರಸಿಯ ಅಡಿಕೆ ಬೆಳೆಗಾರರು ತೋಟಗಾರ್ಸ್ ಸೇಲ್ ಸೊಸೈಟಿಯನ್ನು ಕಟ್ಟಿಕೊಂಡರು. ಇಂಥ ಸಂಘಗಳಲ್ಲಿ ಒಬ್ಬನೇ ರೈತ ಮಾರುವವನೂ ಹೌದು, ಕೊಳ್ಳುವವನೂ ಹೌದು, ಷೇರುದಾರನೂ ಹೌದು.

1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ತ್ರಿಭುವನದಾಸ್ ಪಟೇಲರ ನಾಯಕತ್ವದಲ್ಲಿ ಆರಂಭವಾಗಿ, ಮುಂದೆ ಕರ್ನಾಟಕದ ಹಳ್ಳಿಗಳಿಗೂ ಬಂದ ಹಾಲು ಒಕ್ಕೂಟದ ಪದ್ಧತಿ ಇದೇ ತತ್ವವನ್ನು ದಿನಕ್ಕೆರಡು ಬಾರಿ ಆಚರಿಸಿತು. ಬೆಳಗ್ಗೆ, ಸಂಜೆ ಹಾಲನ್ನು ಅಳೆದು, ಜಿಡ್ಡಿನಂಶ ಪರೀಕ್ಷಿಸಿ ಬೆಲೆ ಕಟ್ಟಲಾಗುತ್ತದೆ. ಹತ್ತು ಹಸುವಿನ ಗೌಡರಿಗೂ ಒಂದೇ ಹಸುವಿನ ವಿಧವೆಗೂ ಒಂದೇ ದರಪಟ್ಟಿ. ವರ್ಷದ ಕೊನೆಗೆ ಬರುವ ಬೋನಸ್ಸೂ ಹಾಕಿದ ಹಾಲಿನ ಲೆಕ್ಕದ ಮೇಲೆಯೇ. ತನ್ನ ಚೊಂಬಿನ ಹಾಲಿಗೂ ಸರಿಯಾದ ಬೆಲೆ ಬಂತೆಂದಾಗ ಆ ಹೆಣ್ಣುಮಗಳಿಗೆ ಸಿಗುವ ಮರ್ಯಾದೆ ಯಾವ ಶಾಲಿಗಿಂತಲೂ ಕಡಿಮೆಯದಲ್ಲ.

ಈ ಮರ್ಯಾದೆ ನಿಂತಿರುವುದು ನೌಕರರ ಪ್ರಾಮಾಣಿಕತೆಯ ಮೇಲೆ. ಹಾಲು ಪರೀಕ್ಷಕನ ಕೈ ಸ್ವಲ್ಪ ಜಾರಿದರೂ ಬಡವರ ಹಣ ಹೋಗುತ್ತದೆ. ಮುಂಗಾರಿನಲ್ಲಿ ಗೊಬ್ಬರದ ಕೊರತೆ ಬಿದ್ದಾಗ, ‘ನೀವೂ ಸರದಿಯಲ್ಲಿ ನಿಲ್ಲಿ ಸ್ವಾಮಿ’ ಎಂದು ಊರಿನ ದೊಡ್ಡವರಿಗೆ ಹೇಳಬಲ್ಲ ಗುಮಾಸ್ತನೇ ಸಂಘದ ನಿಜವಾದ ಆಸ್ತಿ. ಆದರೆ ಇಂಥ ಸಾಧನೆ ವರದಿಯಲ್ಲಿ ಅಂಕಿಯಾಗಿ ಕಾಣುವುದಿಲ್ಲ.

ಬಹುಮಾನದ ತೊಡಕು ಇರುವುದು ಇಲ್ಲಿಯೇ. ‘ಅತಿ ಹೆಚ್ಚು’ ಎಂಬ ಒಂದೇ ಅಳತೆಗೋಲು ಹಿಡಿದರೆ ಹೆಚ್ಚು ಭೂಮಿ, ಹೆಚ್ಚು ದನ ಇರುವವರೇ ಪ್ರತಿವರ್ಷ ವೇದಿಕೆ ಹತ್ತುತ್ತಾರೆ. ಆಡಳಿತ ಮಂಡಳಿಯ ಚುನಾವಣೆ ಹತ್ತಿರವಿದ್ದರಂತೂ ಸನ್ಮಾನವೂ ಮತದ ಲೆಕ್ಕಾಚಾರವಾಗುವ ಅಪಾಯವಿದೆ. ಕೆಳಗೆ ಜಮಖಾನದ ಮೇಲೆ ಕುಳಿತ ಸಣ್ಣ ರೈತ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾನೆ. ತಾನೂ ಮಾಲೀಕನೆಂಬ ಭಾವನೆ ಅವನಲ್ಲಿ ಸ್ವಲ್ಪ ಸವೆದಿರುತ್ತದೆ.

ಅಳತೆಗೋಲನ್ನು ಬದಲಿಸುವುದು ಕಷ್ಟವೇನಲ್ಲ. ವರ್ಷವಿಡೀ ತಪ್ಪದೆ ಹಾಲು ಹಾಕಿದವರು, ಗುಣಮಟ್ಟ ಕಾಯ್ದುಕೊಂಡವರು, ಪಡೆದ ಸಾಲವನ್ನು ಗಡುವಿನೊಳಗೆ ತೀರಿಸಿದ ಸಣ್ಣ ಹಿಡುವಳಿದಾರರು ಸಂಘದ ಪುಸ್ತಕಗಳಲ್ಲೇ ಇದ್ದಾರೆ. ಯಾವ ನೌಕರರನ್ನು ಗೌರವಿಸಬೇಕೆಂದು ಸದಸ್ಯರನ್ನೇ ಕೇಳಬಹುದು. ತಕ್ಕಡಿಯ ಎದುರು ನಿತ್ಯ ನಿಲ್ಲುವವರಿಗೆ ಆ ಉತ್ತರ ಗೊತ್ತಿರುತ್ತದೆ.

ಶಾಲು ಬೇಡವೆಂದಲ್ಲ. ನಾಲ್ಕು ಜನರ ಎದುರು ಹೆಸರು ಕರೆಯಿಸಿಕೊಳ್ಳುವ ಸಂತೋಷ ದೊಡ್ಡದು. ಆದರೆ ತಕ್ಕಡಿ ಸರಿಯಿರುವ ಸಂಘದಲ್ಲಿ ಮಾತ್ರ ಆ ಶಾಲಿಗೆ ಬೆಲೆ.