ಬಾಗಿಲಲ್ಲೇ ನಿಲ್ಲುವ ದೂತ

ರಾತ್ರಿ ಉಂಡು ಮಲಗಿದವರು ಬೆಳಗಿನವರೆಗೆ ಏನನ್ನೂ ತಿನ್ನುವುದಿಲ್ಲ. ಆದರೆ ಮಿದುಳಿಗೆ ಉಪವಾಸ ಒಗ್ಗದು. ಅದಕ್ಕೆ ದಿನವೊಂದಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ರಕ್ತದಲ್ಲಿ ಇರುವುದೋ 5 ಗ್ರಾಮಿನಷ್ಟು, ಒಂದು ಚಮಚೆ! ಉಳಿದುದನ್ನು ಒದಗಿಸುವ ಕಣಜ ನಮ್ಮ ಯಕೃತ್ತು. ಅಲ್ಲಿ ಸಕ್ಕರೆ ಗ್ಲೈಕೋಜನ್ ಎಂಬ ರೂಪದಲ್ಲಿ ಶೇಖರವಾಗಿರುತ್ತದೆಂದು 19ನೆಯ ಶತಮಾನದ ನಡುವಿನಲ್ಲಿ ತೋರಿಸಿದವನು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್.

ಕಣಜವನ್ನು ತೆರೆಯೆಂದು ಹೇಳುವವರಾರು? ರಕ್ತದ ಸಕ್ಕರೆ ಇಳಿದಾಗ ಮೇದೋಜೀರಕ ಗ್ರಂಥಿ ಗ್ಲುಕಗಾನ್ ಎಂಬ ಹಾರ್ಮೋನನ್ನು ಕಳುಹಿಸುತ್ತದೆ. ಭಯಗೊಂಡಾಗ ಅಡ್ರಿನಲಿನ್ ಸಹ ಇದೇ ಆಜ್ಞೆಯನ್ನು ತರುತ್ತದೆ. ಸ್ವಾರಸ್ಯವೆಂದರೆ, ಈ ದೂತರು ಆಜ್ಞೆ ತಲುಪಿಸಲು ಜೀವಕೋಶದೊಳಕ್ಕೆ ಕಾಲಿಡಬೇಕಾಗಿಲ್ಲ. ಅಮೆರಿಕದ ಅರ್ಲ್ ಸದರ್‌ಲ್ಯಾಂಡ್ 1950ರ ದಶಕದಲ್ಲಿ ಯಕೃತ್ತಿನ ಕೋಶಗಳನ್ನು ಅರೆದು, ಪೊರೆಯ ಚೂರುಗಳನ್ನು ಬೇರ್ಪಡಿಸಿ ನೋಡಿದರು. ಉಳಿದ ರಸದಲ್ಲಿ ಹಾರ್ಮೋನು ನಿಷ್ಫಲವಾಯಿತು. ಆ ಚೂರುಗಳಿಗೇ ಹಾರ್ಮೋನನ್ನು ಸೋಕಿಸಿದಾಗ, ಕುದಿಸಿದರೂ ಕೆಡದ ಪುಟ್ಟದೊಂದು ವಸ್ತು ಹುಟ್ಟಿತು. ಅದನ್ನು ರಸಕ್ಕೆ ಬೆರೆಸಿದೊಡನೆ ಗ್ಲೈಕೋಜನ್ನನ್ನು ಒಡೆಯುವ ಕಿಣ್ವ ಎಚ್ಚರಗೊಂಡಿತು. ಹೊರಗಿನ ದೂತ ಬಾಗಿಲು ತಟ್ಟುತ್ತಾನೆ, ಒಳಗಿನ ದೂತ ಓಡುತ್ತಾನೆ. ಸೈಕ್ಲಿಕ್ ಎ.ಎಂ.ಪಿ. ಎಂಬ ಈ ಒಳದೂತನ ಶೋಧಕ್ಕಾಗಿ 1971ರ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು.

ಇನ್ಸುಲಿನ್ನಿನ ಆಜ್ಞೆ ಇದಕ್ಕೆ ವಿರುದ್ಧ: ಸಾಕು, ಮುಚ್ಚು. ನಡುವಯಸ್ಸಿನ ನಂತರ ಹೆಚ್ಚಾಗಿ ಕಾಣುವ ಮಧುಮೇಹದಲ್ಲಿ ಯಕೃತ್ತು ಈ ಮಾತಿಗೆ ಕಿವುಡಾಗುತ್ತದೆ. ಆದುದರಿಂದಲೇ ರಾತ್ರಿಯೆಲ್ಲ ಉಪವಾಸವಿದ್ದವರ ರಕ್ತದಲ್ಲಿಯೂ ಬೆಳಗಿಗೆ ಸಕ್ಕರೆ ಏರಿರುವುದುಂಟು. ತಾನು ಕದ್ದು ತಿಂದಿಲ್ಲವೆಂದು ರೋಗಿ ಹೇಳಿದರೆ ಮನೆಯವರು ಸಂಶಯಪಡಬೇಕಾಗಿಲ್ಲ. ಸುರಿದುದು ಅವನ ಯಕೃತ್ತೇ ಇರಬಹುದು.