ಆಕೆಯ ಕ್ಯಾನಿನ ಹಾಲೂ ಹಾಲೇ



ಫ್ಯಾಟು, ಡಿಗ್ರಿ, ಹಿಂಡಿಯ ದರ, ಕೆಚ್ಚಲು ಬಾವು ಇವುಗಳ ಬಗ್ಗೆ ಈ ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೀರಿ. ಈ ಸಲ, ಡೇರಿ ಕಟ್ಟೆಯ ಮೇಲೆ ಪಿಸುಮಾತಿನಲ್ಲಷ್ಟೇ ಬರುವ ಒಂದು ವಿಷಯವನ್ನು ಗಟ್ಟಿಯಾಗಿಯೇ ಮಾತಾಡೋಣ. ಬೆಳಗ್ಗೆ ಹಾಲು ಹಾಕುವ ಸಾಲಿನಲ್ಲಿ ನಿಮ್ಮ ಮುಂದೆ ನಿಂತವಳಿಗೆ ಎಚ್‌ಐವಿ ಇದೆಯಂತೆ ಎಂಬ ಮಾತು ನಿಮ್ಮ ಕಿವಿಗೆ ಬಿತ್ತು ಎನ್ನಿ. ಆಗ ಮೊದಲು ಬರುವ ಪ್ರಶ್ನೆ, "ಅವಳ ಹಾಲನ್ನು ನಮ್ಮ ಹಾಲಿನ ಜೊತೆ ಸುರಿಯಬಹುದಾ?"

ಧಾರಾಳವಾಗಿ ಸುರಿಯಬಹುದು. ಎಚ್‌ಐವಿ ಮನುಷ್ಯರ ವೈರಸ್ಸು. ಹಸು, ಎಮ್ಮೆಗೆ ಅದು ತಗಲುವುದಿಲ್ಲ, ಅವುಗಳ ಹಾಲಿನಲ್ಲಿ ಬರುವುದೂ ಇಲ್ಲ. ಕರೆಯುವ ಕೈಯಿಂದ, ಕ್ಯಾನಿನಿಂದ, ಒಂದೇ ಲೋಟದಲ್ಲಿ ಕುಡಿದದ್ದರಿಂದ, ಪಕ್ಕದಲ್ಲಿ ಕುಳಿತು ಉಂಡದ್ದರಿಂದ, ಸೊಳ್ಳೆ ಕಡಿದದ್ದರಿಂದ ಹರಡುವುದಿಲ್ಲ. ಅದು ಹರಡುವ ದಾರಿ ಕೆಲವೇ: ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ, ಒಬ್ಬರಿಗೆ ಚುಚ್ಚಿದ ಸೂಜಿಯನ್ನೇ ಇನ್ನೊಬ್ಬರಿಗೆ ಬಳಸುವುದು, ಮತ್ತು ಬಸಿರು, ಹೆರಿಗೆ, ಮೊಲೆಹಾಲಿನ ಮೂಲಕ ತಾಯಿಯಿಂದ ಮಗುವಿಗೆ.

ಗೊಂದಲ ಹುಟ್ಟುವುದು ಈ ಕೊನೆಯ ಮಾತಿನಿಂದಲೇ ಇರಬೇಕು. 'ಹಾಲಿನಿಂದ ಬರುತ್ತದೆ' ಎಂದು ಅರ್ಧ ಕೇಳಿಸಿಕೊಂಡವರು ಅದನ್ನು ಹಸುವಿನ ಹಾಲಿಗೂ ಅಂಟಿಸಿಬಿಡುತ್ತಾರೆ. ತಾಯಿಯ ಹಾಲಿನ ವಿಷಯದಲ್ಲೂ ಈಗ ಹೆದರಬೇಕಾದಷ್ಟಿಲ್ಲ. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ನೂರಕ್ಕೆ 15ರಿಂದ 45 ಮಕ್ಕಳಿಗೆ ಸೋಂಕು ದಾಟಬಹುದು. ತಾಯಿ ಸರಿಯಾಗಿ ಮಾತ್ರೆ ತೆಗೆದುಕೊಂಡು, ಹುಟ್ಟಿದ ಮಗುವಿಗೂ ಔಷಧಿ ಹಾಕಿಸಿದರೆ ಅದು ನೂರಕ್ಕೆ 5ಕ್ಕಿಂತ ಕೆಳಗಿಳಿಯುತ್ತದೆ. ಆರು ತಿಂಗಳು ಎದೆಹಾಲನ್ನೇ ಕೊಡಿ ಎಂದು ಆಪ್ತಸಮಾಲೋಚಕರೂ ಹೇಳುತ್ತಾರೆ. ಬಸುರಿಯರಿಗೆ ತಾಯಿ ಕಾರ್ಡ್ ಮಾಡಿಸುವಾಗ ಈ ರಕ್ತಪರೀಕ್ಷೆ ಇರುವುದು ಇದೇ ಕಾರಣಕ್ಕೆ. ಮನೆಯ ಸೊಸೆ ಪರೀಕ್ಷೆ ಬೇಡ ಎಂದು ಹಿಂಜರಿದರೆ, ಅತ್ತೆಯಾದವರು ನಾನೂ ಬರುತ್ತೇನೆ ನಡಿ ಎಂದು ಹೊರಟರೆ ಅರ್ಧ ಭಾರ ಇಳಿಯುತ್ತದೆ.

ಪರೀಕ್ಷೆ ಎಲ್ಲಿ? ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಐಸಿಟಿಸಿ ಎಂಬ ಕೊಠಡಿ ಇರುತ್ತದೆ. ಪರೀಕ್ಷೆ ಉಚಿತ. ಮೊದಲು ಕೂರಿಸಿ ಮಾತಾಡುತ್ತಾರೆ, ನೀವು ಒಪ್ಪಿದ ಮೇಲಷ್ಟೇ ರಕ್ತ ತೆಗೆಯುತ್ತಾರೆ. ಫಲಿತಾಂಶವನ್ನು ನಿಮಗೇ ಹೇಳುತ್ತಾರೆ, ಊರಿಗಲ್ಲ. ಆಸ್ಪತ್ರೆಗೆ ಹೋಗುವ ಮೊದಲು ಏನಾದರೂ ಕೇಳಬೇಕೆನಿಸಿದರೆ 1097ಕ್ಕೆ ಫೋನ್ ಮಾಡಿ. ಕರೆಗೆ ದುಡ್ಡಿಲ್ಲ, ಹೆಸರು ಹೇಳಬೇಕಾಗಿಯೂ ಇಲ್ಲ.

ಸೋಂಕು ಇದೆ ಎಂದಾದರೆ ಎಆರ್‌ಟಿ ಕೇಂದ್ರಕ್ಕೆ ಕಳುಹಿಸುತ್ತಾರೆ. ನಮ್ಮ ದೇಶದಲ್ಲಿ ಸರ್ಕಾರ ಈ ಮಾತ್ರೆಗಳನ್ನು 2004ರಿಂದ ಪುಕ್ಕಟೆಯಾಗಿ ಕೊಡುತ್ತಿದೆ. ಮೊದಲೆಲ್ಲ ರೋಗನಿರೋಧಕ ಶಕ್ತಿ ಕುಗ್ಗುವವರೆಗೆ ಕಾಯಿಸುತ್ತಿದ್ದರು. 2017ರಿಂದ ಸೋಂಕು ಗೊತ್ತಾದ ಕೂಡಲೇ ಶುರು ಮಾಡುತ್ತಾರೆ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ಅದನ್ನು ತಪ್ಪಿಸಬಾರದು, ಅಷ್ಟೇ. ಎರಡು ಹೊತ್ತು ಹಾಲು ಕರೆಯುವ ನಮಗೆ ಹೊತ್ತು ತಪ್ಪದಿರುವುದನ್ನು ಯಾರೂ ಕಲಿಸಬೇಕಿಲ್ಲ. ಸಂಜೆ ಹಾಲು ಹಾಕಿ ಬಂದು ಕ್ಯಾನು ತೊಳೆದಿಟ್ಟ ಮೇಲೆ ಮಾತ್ರೆ ಎಂದು ರೂಢಿ ಮಾಡಿಕೊಂಡರೆ ಮರೆಯುವುದಿಲ್ಲ. ಹೀಗೆ ನಡೆದುಕೊಂಡವರ ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಇಳಿಯುತ್ತದೆ. ಆ ಮಟ್ಟ ಉಳಿದಿರುವವರೆಗೆ ಗಂಡ-ಹೆಂಡಿರ ಸಂಪರ್ಕದಿಂದಲೂ ಸೋಂಕು ದಾಟುವುದಿಲ್ಲ. ಈ ಸಂಗತಿ ಊರಿಗೆ ಇನ್ನೂ ಸರಿಯಾಗಿ ತಲುಪಿಲ್ಲ.

ಜಿಲ್ಲಾಸ್ಪತ್ರೆಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ, ಒಂದು ಹೊತ್ತಿನ ಹಾಲು ಹೋದಂತೆ. ಆರೋಗ್ಯ ಸ್ಥಿರವಾಗಿರುವವರಿಗೆ ಹತ್ತಿರದ ಲಿಂಕ್ ಎಆರ್‌ಟಿ ಕೇಂದ್ರದಲ್ಲೇ ಮಾತ್ರೆ ಕೊಡುವ, ಕೆಲವು ತಿಂಗಳದ್ದನ್ನು ಒಟ್ಟಿಗೆ ಕೊಡುವ ವ್ಯವಸ್ಥೆ ಇದೆ. ಬಾಯಿಬಿಟ್ಟು ಕೇಳಬೇಕು. ಅಂಥ ದಿನ ನೆರೆಯವಳ ಹಸು ಕರೆದು ಹಾಲು ಹಾಕಿಬರುವುದು, ನನ್ನ ಮಟ್ಟಿಗೆ, ಯಾವ ಯೋಜನೆಗೂ ಕಡಿಮೆಯಲ್ಲದ ಸಹಾಯ. ಯಾಕೆ ಹೋಗುತ್ತಿದ್ದೀಯ ಎಂದು ಕೇಳಲೇಬೇಕೆಂದಿಲ್ಲ.

ಕಾನೂನೂ ಇದೆ. 2017ರಲ್ಲಿ ಸಂಸತ್ತು ಒಪ್ಪಿದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕೆಲಸ, ಶಾಲೆ, ಚಿಕಿತ್ಸೆ, ಬಾಡಿಗೆ ಮನೆ, ವಿಮೆ ಯಾವುದರಲ್ಲೂ ತಾರತಮ್ಯ ಮಾಡುವಂತಿಲ್ಲ. ಸೋಂಕಿರುವವರ ಮೇಲೆ ದ್ವೇಷ ಹಬ್ಬಿಸಿದರೆ ಮೂರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಗಂಡ ತೀರಿಕೊಂಡ ಮೇಲೆ "ನಿನ್ನಿಂದಲೇ ಬಂತು" ಎಂದು ಮನೆ ಬಿಡಿಸುವ, ಆಸ್ತಿಯ ಪಾಲು, ಕೊಟ್ಟಿಗೆಯ ಹಸು ಕಿತ್ತುಕೊಳ್ಳುವ ಅನ್ಯಾಯ ನಡೆದರೆ ಸುಮ್ಮನಿರಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರ ನೆರವು ಉಚಿತ. ಅದರ ಸಹಾಯವಾಣಿ 15100.

ಇನ್ನು, ಸೋಂಕಿದ್ದೂ ಹಸು ಕಟ್ಟಿರುವ ಅಕ್ಕಂದಿರಿಗೆ ಒಂದೆರಡು ಮಾತು. ನಿಮ್ಮಿಂದ ಹಸುವಿಗೆ ಅಪಾಯವಿಲ್ಲ. ಆದರೆ ಕೊಟ್ಟಿಗೆಯಿಂದ ನಿಮಗೆ ತೊಂದರೆ ಬರಬಹುದು. ಹಸಿ ಹಾಲು ಕುಡಿಯಬೇಡಿ, ಗಿಣ್ಣದ ಹಾಲನ್ನೂ ಚೆನ್ನಾಗಿ ಬೇಯಿಸಿಯೇ ತಿನ್ನಿ. ಕರು ಭೇದಿ ಮಾಡುತ್ತಿದ್ದರೆ ಅದರ ಸಗಣಿಯನ್ನು ಬೇರೆಯವರಿಂದ ತೆಗೆಸಿ. ಆ ಭೇದಿಯ ಕೆಲವು ರೋಗಾಣುಗಳು ನಿರೋಧಕ ಶಕ್ತಿ ಕಡಿಮೆ ಇರುವವರನ್ನು ಬಹಳ ದಿನ ಹಾಸಿಗೆ ಹಿಡಿಸುತ್ತವೆ. ಹಸು ಕಂದು ಹಾಕಿದರೆ ಮಾಸನ್ನು ಬರಿಗೈಯಲ್ಲಿ ಮುಟ್ಟಲೇಬೇಡಿ. ಅದು ಬ್ರುಸೆಲ್ಲೋಸಿಸ್ ಇರಬಹುದು, ಸೋಂಕಿಲ್ಲದವರಿಗೂ ತಗಲುವ ರೋಗ ಅದು. ಪಶುವೈದ್ಯರನ್ನು ಕರೆಸಿ. ಕೆಮ್ಮು ಎಷ್ಟೇ ದಿನದ್ದಾಗಿರಲಿ, ಅಥವಾ ರಾತ್ರಿ ಬೆವರು ಇದ್ದರೆ ಕ್ಷಯದ ಪರೀಕ್ಷೆ ಮಾಡಿಸಿ, ಅದೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.