ಎರಿ ಮಣ್ಣಿಗೆ ಯಾವ ಗಾಲಿ? ಹವಳಗಾದ ಒಂದು ಬೊಲೆರೋ ಮತ್ತು ಟೈರಿನ ಲೆಕ್ಕ

ದೀಪಾವಳಿಗೆ ಊರಿಗೆ ಹೋದಾಗ ಕಾಕಾನ ಮಗ ಮೊಬೈಲ್ ಹಿಡಿದು ಬಂದ. ಪರದೆ ಮೇಲೆ 18 ಇಂಚಿನ ಕರಿ ಅಲಾಯ್, ಅದಕ್ಕೆ ಹಲ್ಲು ಹಲ್ಲಿನ ಅಗಲ ಟೈರು.

“ಅಣ್ಣಾ, ನಮ್ಮ ಬೊಲೆರೋಕ್ಕ ಇದನ್ನ ಹಾಕಸ್ತೀನಿ. ಕಬ್ಬಿನ ಬಿಲ್ಲು ಬಂದ್ರ ಸಾಕು. ಒಂದೂವರಿ ಲಕ್ಷ ಆಗ್ತದಂತ.”

“ಯಾಕೋ?”

“ಯಾಕ ಅಂತ ಕೇಳ್ತಿಯಲ್ಲ. ಮಳಿಗಾಲದಾಗ ಏನಾತು ಅಂತ ಗೊತ್ತಿಲ್ಲೇನು ನಿಂಗ?”

ಗೊತ್ತಿತ್ತು. ಅವನ ಹೆಂಡತಿಗೆ ದಿನ ತುಂಬಿತ್ತು. ಮಳೆ ಹೊಡೆದ ರಾತ್ರಿ ಹೊಲದ ಮನೆಯಿಂದ ಅಫಜಲಪುರಕ್ಕೆ ಹೊರಟ ಗಾಡಿ ಡಾಂಬರು ಮುಟ್ಟುವ ಮುಂಚೆಯೇ ರಾಡಿಯಲ್ಲಿ ಕೂತುಬಿಟ್ಟಿತ್ತು. ಪಕ್ಕದ ಹೊಲದವರ ಟ್ರ್ಯಾಕ್ಟರ್ ಬಂದು ಎಳೆಯುವತನಕ ಆಕೆ ಹಿಂದಿನ ಸೀಟಿನಲ್ಲಿ ಹಲ್ಲು ಕಚ್ಚಿ ಕೂತಿದ್ದಳು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಆದರೆ ಆ ರಾತ್ರಿಯನ್ನು ಅವನು ಮರೆತಿಲ್ಲ. ಹಾಗಾಗಿ ಇದನ್ನು ಬರೀ ಶೋಕಿ ಅಂತ ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ.

ನಾನು ಪುಣೆಯಲ್ಲಿ ಆರು ವರ್ಷ ಟೈರ್ ಅಂಗಡಿಯಲ್ಲಿ ದುಡಿದವನು. ಜನ ಗಾಲಿ ಬದಲಿಸುವಾಗ ಎಲ್ಲಿ ಮೋಸ ಹೋಗುತ್ತಾರೆ ಅಂತ ಹತ್ತಿರದಿಂದ ನೋಡಿದ್ದೇನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಥಾರ್, ಸ್ಕಾರ್ಪಿಯೋ, ಜಿಮ್ನಿ ಇಟ್ಟುಕೊಂಡವರಿಗೂ ಲೆಕ್ಕ ಇದೇ.

ಮೊದಲು ಮಣ್ಣು, ಆಮೇಲೆ ಗಾಲಿ

ಅಫಜಲಪುರ, ಆಳಂದ, ಜೇವರ್ಗಿ ಕಡೆಯದು ಬಹುಪಾಲು ಎರಿ ಭೂಮಿ. ಇದರಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ತೊಗರಿ, ಜೋಳಕ್ಕೆ ಇದೇ ಗುಣ ವರ. ಗಾಡಿಗೆ ಇದೇ ಶಾಪ. ಹಸಿ ಎರಿಯಲ್ಲಿ ಬರಿಗಾಲಲ್ಲಿ ನಡೆದವರಿಗೆ ಗೊತ್ತು, ಹತ್ತು ಹೆಜ್ಜೆಗೆ ಒಂದೊಂದು ಕಾಲಿಗೂ ಎರಡೆರಡು ಕೆಜಿ ಮಣ್ಣು ಅಂಟಿರುತ್ತದೆ. ಟೈರಿಗೂ ಹಾಗೇ. ಹಲ್ಲಿನ ಸಂದಿಯಲ್ಲಿ ಮಣ್ಣು ತುಂಬಿತೆಂದರೆ ಎಂಥ ದುಬಾರಿ ಟೈರೂ ಸವೆದ ಬೋಳು ಟೈರಿನಂತೆ ಜಾರುತ್ತದೆ.

ಮಾರುಕಟ್ಟೆಯಲ್ಲಿ ಈ ಗಾಡಿಗಳಿಗೆ ಮೂರು ಜಾತಿ ಟೈರು ಸಿಗುತ್ತವೆ. ಎಚ್‌ಟಿ ಅಂದರೆ ಡಾಂಬರು ರಸ್ತೆಯದು. ಸದ್ದಿಲ್ಲ, ಬಾಳಿಕೆ ಚೆನ್ನ. ಎಂಟಿ ಅಂದರೆ ಕೆಸರಿನದು. ದೊಡ್ಡ ಹಲ್ಲು, ಅಗಲ ಸಂದಿ. ಎಟಿ ಎರಡರ ನಡುವಿನದು.

ಎಂಟಿ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಟ್ರ್ಯಾಕ್ಟರಿನ ಹಿಂದಿನ ಗಾಲಿ ನೋಡಿ. ಓರೆಯಾದ ಹಲ್ಲುಗಳ ನಡುವಿನ ಸಂದಿ ಹೊರಗಡೆಗೆ ತೆರೆದಿರುತ್ತದೆ. ಗಾಲಿ ತಿರುಗಿದಾಗ ಮಣ್ಣು ಸಿಡಿದು ಹೊರಬೀಳಬೇಕು, ಹಲ್ಲು ಮತ್ತೆ ಖಾಲಿಯಾಗಬೇಕು. ಎಂಟಿ ಟೈರಿನ ಉಪಾಯವೂ ಅದೇ. ಆದರೆ ಮಣ್ಣು ಸಿಡಿಯಬೇಕಾದರೆ ಗಾಲಿ ಜೋರಾಗಿ ತಿರುಗಬೇಕು. ಬೊಲೆರೋದಲ್ಲಿ ಎಂಜಿನ್ ತಿರುಗಿಸುವುದು ಹಿಂದಿನ ಎರಡು ಗಾಲಿಯನ್ನು ಮಾತ್ರ. ಡಿಫರೆನ್ಷಿಯಲ್ ಲಾಕ್ ಇಲ್ಲದ ಗಾಡಿಯಲ್ಲಿ ಜಾರುವ ಒಂದು ಗಾಲಿ ಗರಗರ ತಿರುಗುತ್ತದೆ, ಇನ್ನೊಂದು ಸುಮ್ಮನೆ ನಿಲ್ಲುತ್ತದೆ. ಎಂಟಿ ಹಾಕಿದರೆ ಆ ಒಂದು ಗಾಲಿ ಇನ್ನೂ ಬೇಗ ಆಳಕ್ಕೆ ತೋಡುತ್ತದೆ, ಅಷ್ಟೇ. ಎಂಟಿಯ ಪೂರ್ತಿ ಲಾಭ ಸಿಗುವುದು ನಾಲ್ಕೂ ಗಾಲಿ ಎಳೆಯುವ ಗಾಡಿಗೆ.

ಇನ್ನೊಂದು ಮಾತು. ನಮ್ಮಲ್ಲಿ ರಾಡಿ ಇರುವುದು ವರ್ಷದಲ್ಲಿ ಕೆಲವು ವಾರ. ಉಳಿದ ದಿನ ಗಾಡಿ ಓಡುವುದು ಅಫಜಲಪುರ, ಕಲಬುರಗಿ, ಗಾಣಗಾಪುರದ ಡಾಂಬರಿನ ಮೇಲೆ. ಅಲ್ಲಿ ಎಂಟಿ ಬೇಗ ಸವೆಯುತ್ತದೆ, ಹೂಂ ಅಂತ ಸದ್ದು ಮಾಡುತ್ತದೆ, ಹಸಿ ಡಾಂಬರಿನಲ್ಲಿ ಬ್ರೇಕ್ ಒತ್ತಿದರೆ ಎಚ್‌ಟಿಗಿಂತ ಮುಂದೆ ಹೋಗಿ ನಿಲ್ಲುತ್ತದೆ. ಕಬ್ಬು ಕಟಾವಿನ ಕಾಲದಲ್ಲಿ ಟ್ರ್ಯಾಕ್ಟರುಗಳು ಹೊಲದ ಮಣ್ಣನ್ನೆಲ್ಲ ರಸ್ತೆಗೆ ತಂದು ಹಾಕುತ್ತವೆ. ಅದರ ಮೇಲೆ ನಾಲ್ಕು ಹನಿ ಬಿದ್ದರೆ ಬ್ರೇಕಿನ ಬೆಲೆ ಏನೆಂದು ಹವಳಗಾದ ಸಕ್ಕರೆ ಕಾರ್ಖಾನೆ ದಾರಿಯಲ್ಲಿ ಓಡಾಡುವವರಿಗೆ ಹೇಳಬೇಕಿಲ್ಲ.

ಟೈರಿನ ಮೇಲೆ ಬರೆದದ್ದನ್ನು ಓದಿ

ತಮ್ಮನನ್ನು ಗಾಡಿ ಹತ್ತಿರ ಕರೆದುಕೊಂಡು ಹೋಗಿ, “ಏನ್ ಬರ್ದಾರ ಓದು” ಅಂದೆ. 215/75 ಆರ್15 ಎಂದಿತ್ತು. ಟೈರಿನ ಅಗಲ 215 ಮಿ.ಮೀ. ಅದರ ಶೇ. 75ರಷ್ಟು, ಅಂದರೆ 161 ಮಿ.ಮೀ., ರಬ್ಬರಿನ ಗೋಡೆಯ ಎತ್ತರ. 15 ಅಂದರೆ ಒಳಗಿನ ಡಿಸ್ಕಿನ ಅಳತೆ, ಇಂಚಿನಲ್ಲಿ. ಎಲ್ಲ ಕೂಡಿಸಿದರೆ ಗಾಲಿಯ ಒಟ್ಟು ಎತ್ತರ 703.5 ಮಿ.ಮೀ.

ಅಂಗಡಿಯವರು ಅವನಿಗೆ ಹೇಳಿದ್ದು 265/60 ಆರ್18. ಅದರ ಒಟ್ಟು ಎತ್ತರ 775 ಮಿ.ಮೀ. ಶೇ. 10ರಷ್ಟು ದೊಡ್ಡದು. ಗಾಡಿ ಎತ್ತರವಾಗುವುದು ಇದರ ಅರ್ಧ ಮಾತ್ರ, ಸುಮಾರು 36 ಮಿ.ಮೀ. ಅದಕ್ಕೆ ಕೊಡುವ ಬೆಲೆ ನೋಡಿ. ಮೀಟರ್ 60 ತೋರಿಸುವಾಗ ಗಾಡಿ ನಿಜವಾಗಿ 66ರಲ್ಲಿ ಓಡುತ್ತಿರುತ್ತದೆ. ಎಂಜಿನ್ ಅದೇ, ಗಿಯರ್ ಅದೇ, ಗಾಲಿ ಮಾತ್ರ ದೊಡ್ಡದು. ಹಾಗಾಗಿ ನೆಲವನ್ನು ತಳ್ಳುವ ಬಲ ಶೇ. 9ರಷ್ಟು ಕಡಿಮೆಯಾಗುತ್ತದೆ. ರಾಡಿಯಿಂದ ಹೊರಗೆ ಬರಲೆಂದು ಹಾಕಿಸಿದ ಗಾಲಿಯೇ ಹೊರಗೆ ಬರುವ ಬಲವನ್ನು ತಿನ್ನುತ್ತದೆ. ಮೇಲಾಗಿ ಕ್ಲಚ್ಚಿಗೆ, ಬ್ರೇಕಿಗೆ ಹೆಚ್ಚಿನ ಭಾರ. ಮಂದಿ ತುಂಬಿಕೊಂಡು ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಉಜ್ಜುವ ಸಾಧ್ಯತೆ ಬೇರೆ.

“ಹಂಗಾದ್ರ ಎತ್ತರ ಅಷ್ಟ ಇಟ್ಟು ಅಲಾಯ್ ಮಾತ್ರ 18 ಹಾಕಸ್ತೀನಿ” ಅಂದ. ಹಾಗೆ ಮಾಡಿದರೆ 161 ಮಿ.ಮೀ. ಇದ್ದ ರಬ್ಬರಿನ ಗೋಡೆ 123ಕ್ಕೆ ಇಳಿಯುತ್ತದೆ. ನಮ್ಮ ತಗ್ಗು ಬಿದ್ದ ರಸ್ತೆಯಲ್ಲಿ ಪೆಟ್ಟು ತಿನ್ನುವುದೇ ಆ ರಬ್ಬರು. ಅದು ಕಡಿಮೆಯಾದರೆ ಪೆಟ್ಟು ನೇರ ಅಲಾಯ್‌ಗೆ. ಕಬ್ಬಿಣದ ಡಿಸ್ಕ್ ಪೆಟ್ಟಿಗೆ ಬಾಗುತ್ತದೆ, ಊರಲ್ಲೇ ಬಡಿದು ಸರಿಮಾಡಿಸಿ ಮನೆ ಸೇರಬಹುದು. ಅಲಾಯ್ ಸೀಳು ಬಿಡುತ್ತದೆ, ಹವಾ ನಿಲ್ಲುವುದಿಲ್ಲ. ಗಾಲಿ ಅಗಲ ಕಾಣಲೆಂದು ಕೆಲವರು ನಟ್ಟಿನ ಹತ್ತಿರ ಸ್ಪೇಸರ್ ಕೂರಿಸುತ್ತಾರೆ. ಅದು ಬೇರಿಂಗ್ ಮೇಲೆ, ನಟ್ಟಿನ ಮೇಲೆ ಭಾರ ಏರಿಸುತ್ತದೆ. ಬೇಡವೇ ಬೇಡ.

ಅಳತೆಯ ಪಕ್ಕದಲ್ಲೇ 100ಎಸ್ ಎಂಬಂಥ ಗುರುತು ಇರುತ್ತದೆ. 100 ಅಂದರೆ ಒಂದು ಟೈರು 800 ಕೆಜಿ ಹೊರಬಲ್ಲದು, ಎಸ್ ಅಂದರೆ ಗಂಟೆಗೆ 180 ಕಿ.ಮೀ. ವೇಗದ ಮಿತಿ. ಹೊಸ ಟೈರಿನಲ್ಲಿ ಈ ಅಂಕಿ ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಇರಬಾರದು. ಡಾಟ್ ಗುರುತಿನ ಕೊನೆಯ ನಾಲ್ಕು ಅಂಕಿ ಹುಟ್ಟಿದ ದಿನ: 2324 ಎಂದಿದ್ದರೆ 2024ರ 23ನೇ ವಾರ. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ಟೈರನ್ನು ಹೊಸದೆಂದು ಕೊಟ್ಟಾರು, ನೋಡಿ ತಗೊಳ್ಳಿ. ಐಎಸ್‌ಐ ಗುರುತೂ ಇರಲೇಬೇಕು.

ಕಾನೂನು ಏನು ಹೇಳುತ್ತದೆ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿ ನಮೂದಾದ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ಹೇಳುತ್ತದೆ. ಕಂಪನಿಯೇ ಆ ಗಾಡಿಗೆ ಹೇಳಿದ ಅಳತೆಯೊಳಗೆ ಟೈರಿನ ಬ್ರ್ಯಾಂಡು, ಜಾತಿ ಬದಲಿಸಿದರೆ ತಕರಾರಿಲ್ಲ. ಅದರಾಚೆ ಹೋದರೆ ಅಪಘಾತದ ದಿನ ವಿಮೆಯವರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಇಟ್ಟುಕೊಂಡಿರಬೇಕು.

ಹಾಗಾದರೆ ಏನು ಮಾಡಬೇಕು?

ನಾನು ಹೇಳಿದ್ದು ಇಷ್ಟು. ಅದೇ 215/75 ಆರ್15 ಅಳತೆಯಲ್ಲಿ ಒಳ್ಳೆಯ ಎಟಿ ಟೈರು ಹಾಕು, ಕಬ್ಬಿಣದ ಡಿಸ್ಕೇ ಇರಲಿ. ನಾಲ್ಕಲ್ಲ, ಸ್ಟೆಪ್ನಿ ಸೇರಿ ಐದು. ಉಳಿದ ದುಡ್ಡಿನಲ್ಲಿ ಬ್ಯಾಟರಿಗೆ ಹಚ್ಚುವ ಸಣ್ಣ ಹವಾ ಪಂಪು, ಹವಾ ನೋಡುವ ಮೀಟರು, ಗಟ್ಟಿ ಎಳೆಯುವ ಬೆಲ್ಟು, ಒಂದು ಸಲಿಕೆ.

ಹವಾ ಪಂಪು ಯಾಕೆ ಅಂದರೆ, ರಾಡಿಗೆ ಇಳಿಯುವ ಮುಂಚೆ ಹವಾ 20 ಪಿಎಸ್‌ಐ ಹತ್ತಿರಕ್ಕೆ ಇಳಿಸಿದರೆ ಟೈರು ಚಪ್ಪಟೆಯಾಗಿ ಹೆಚ್ಚು ನೆಲ ಹಿಡಿಯುತ್ತದೆ. ದುಡ್ಡು ಖರ್ಚಿಲ್ಲದ ಉಪಾಯ ಇದು. ಆದರೆ ಮೆಲ್ಲಗೆ ಓಡಿಸಬೇಕು, ಸ್ಟೇರಿಂಗ್ ಜೋರಾಗಿ ತಿರುಗಿಸಬಾರದು, ಡಾಂಬರು ಸಿಕ್ಕ ಕೂಡಲೇ ಹವಾ ತುಂಬಿಸಬೇಕು. ನಮ್ಮ 42 ಡಿಗ್ರಿ ಬಿಸಿಲಲ್ಲಿ ಕಡಿಮೆ ಹವಾದಲ್ಲಿ ಓಡಿದ ಟೈರು ಕಾದು ಸಿಡಿಯುತ್ತದೆ. ಹವಾ ನೋಡುವುದು ಬೆಳಿಗ್ಗೆ, ಗಾಡಿ ತಣ್ಣಗಿದ್ದಾಗ. ಅಳತೆ ಕಂಪನಿಯ ಸ್ಟಿಕ್ಕರಿನಲ್ಲಿ ಇರುತ್ತದೆ. ಹಲ್ಲು 1.6 ಮಿ.ಮೀ.ಗೆ ಸವೆದರೆ ಕಾನೂನಿನ ಪ್ರಕಾರ ಟೈರು ಮುಗಿಯಿತು. ಎರಿಗೆ ಅದು ಅದಕ್ಕಿಂತ ಬಹಳ ಮುಂಚೆಯೇ ಮುಗಿದಿರುತ್ತದೆ.

ಅವನು ಸುಮ್ಮನೆ ಕೇಳಿದ. ಆಮೇಲೆ, “ಇಷ್ಟೆಲ್ಲಾ ಮಾಡಿದ್ರ ಸಿಗಿಬೀಳಂಗಿಲ್ಲೇನು?” ಅಂದ.

ಬೀಳುತ್ತದೆ. ಎರಡು ದಿನ ಹಿಡಿದು ಮಳೆ ಹೊಡೆದರೆ ಆ ದಾರಿಯಲ್ಲಿ ಯಾವ ಟೈರೂ ಗ್ಯಾರಂಟಿ ಕೊಡುವುದಿಲ್ಲ. ಟೈರು ಹತ್ತು ಸಲದಲ್ಲಿ ಕೆಲವು ಸಲ ದಾಟಿಸೀತು. ಗರಸು ಹಾಕಿ, ರೋಲರ್ ಹೊಡೆದು, ಬದಿಗೆ ಗಟಾರ ತೋಡಿದ ದಾರಿ ಎಲ್ಲ ಸಲವೂ ದಾಟಿಸುತ್ತದೆ. ಬೊಲೆರೋ ಇದ್ದವರನ್ನಷ್ಟೇ ಅಲ್ಲ, ಸೈಕಲ್ ಮೇಲೆ ಶಾಲೆಗೆ ಹೋಗುವವರನ್ನೂ, ನಡೆದು ಬರುವ ಆಶಾ ಕಾರ್ಯಕರ್ತೆಯನ್ನೂ.

ಇಲ್ಲಿಂದ ಇದು ರಾಜಕೀಯದ ಮಾತು. ನಂಜುಂಡಪ್ಪ ಸಮಿತಿ 2002ರಲ್ಲೇ ಅಫಜಲಪುರ, ಆಳಂದ, ಜೇವರ್ಗಿಯನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಗೆ ಸೇರಿಸಿತ್ತು. 371ಜೆ ಬಂತು, ಮಂಡಳಿ ಬಂತು, ಅನುದಾನವೂ ಬಂತು. ದಾರಿಯಲ್ಲಿ ಮಾತ್ರ ಇನ್ನೂ ರಾಡಿ. ಊರಲ್ಲಿ ಮಾತು ನಡೆಯುವವರು ಎತ್ತರದ ಗಾಡಿ ಕೊಂಡು ರಾಡಿ ದಾಟಿಹೋದರೆ ಆ ದಾರಿ ಬಗ್ಗೆ ಕೇಳುವವರು ಯಾರು? ದೊಡ್ಡ ಗಾಲಿ ಒಂದು ರೀತಿಯಲ್ಲಿ ನಾವು ರಸ್ತೆಗಾಗಿ ಎರಡನೇ ಸಲ ಕಟ್ಟುವ ತೆರಿಗೆ. ಫಲ ಮಾತ್ರ ಒಂದೇ ಮನೆಗೆ.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಐದು ವರ್ಷ ನಿರ್ವಹಣೆ ಗುತ್ತಿಗೆದಾರರದೇ ಹೊಣೆ. ಬೋರ್ಡಿನ ಫೋಟೋ ತೆಗೆದುಕೊಂಡು ಕೇಳಬಹುದು. ಹೊಲದ ದಾರಿಯಾದರೆ ಗ್ರಾಮಸಭೆಯಲ್ಲಿ ಬರೆಸಿ, ಠರಾವಿನ ಪ್ರತಿ ಇಸಿದುಕೊಳ್ಳಬಹುದು.

ಮೊನ್ನೆ ತಮ್ಮ ಫೋನ್ ಮಾಡಿದ್ದ. ಐದು ಎಟಿ ಟೈರು ಹಾಕಿಸಿದ್ದಾನೆ. “ಅಲಾಯ್ ಇಲ್ಲ ಅಂತ ಗೆಳ್ಯಾರು ನಗತಾರ” ಅಂದ. ಆಮೇಲೆ ಮೆಲ್ಲಗೆ ಸೇರಿಸಿದ: “ಗ್ರಾಮಸಭಾಕ್ಕ ಅರ್ಜಿ ಬರದೀನಿ ಅಣ್ಣಾ. ಹನ್ನೊಂದು ಮನಿಯವರು ಸಹಿ ಹಾಕ್ಯಾರ. ಟ್ರ್ಯಾಕ್ಟರ್ ತಂದು ಎಳದಿದ್ರಲ್ಲ, ಅವರದ ಮೊದಲನೇ ಸಹಿ.”